ನಾಪೋಕ್ಲಿನಾಚೆಯ ಕಾಫಿ ತೋಟದಲ್ಲಿ ಮಕ್ಕಳಿಬ್ಬರ 24 ದಿನ: ಒಂದು ಹೋಂಸ್ಟೇ ವಿಮರ್ಶೆ

ಮೊದಲಿಗೇ ಒಂದು ವಿಷಯವನ್ನು ಹೇಳಿಬಿಡಬೇಕು. ನಾನು ಬರೆಯಹೊರಟಿರುವ ಹೋಂಸ್ಟೇ ನನ್ನ ಗಂಡನ ಅಕ್ಕ ಮತ್ತು ಭಾವ ಸೇರಿ ನಡೆಸುತ್ತಿರುವಂಥದ್ದು. ಎಂದರೆ ನನ್ನ ಮಕ್ಕಳಿಗೆ ಅದು ಸೋದರತ್ತೆಯ ಮನೆ. ಹತ್ತಿರದ ನೆಂಟರ ಮನೆಯ ಬಗ್ಗೆ ವಿಮರ್ಶೆ ಬರೆಯುವುದು ಸರಿಯೇ ಎಂದು ಬಹಳ ಯೋಚಿಸಿದೆ. ಆದರೆ ಈ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕಳುಹಿಸಿದಿರಿ, ಹೇಗಿತ್ತು, ನಾವೂ ಹೋಗಬಹುದೇ ಎಂದು ಮೈಸೂರಿನ ನಮ್ಮ ಬಡಾವಣೆಯಲ್ಲಿ ಕನಿಷ್ಠ ಐದಾರು ಮನೆಯವರು ಕೇಳಿದ್ದಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಸಂಬಂಧಿಕರದ್ದಾದ್ದರಿಂದ ಹೋಂಸ್ಟೇಯ ಹೆಸರನ್ನು ಹಾಕುತ್ತಿಲ್ಲ. ನಾವು ಅತಿಥಿಗಳ ಕೋಣೆಯಲ್ಲಿದ್ದ ಮೊದಲ ನಾಲ್ಕು ದಿನಗಳಿಗೆ ಎಲ್ಲರಂತೆ ಪೂರ್ತಿ ಹಣ ಕೊಟ್ಟಿದ್ದೇವೆ. ಅತ್ತಿಗೆ ಬೇಡವೆಂದರೂ ಕೊಟ್ಟೆವು. ನಾವು ಹಿಂತಿರುಗಿದ ಮೇಲೆ ಮಕ್ಕಳು ಒಳಮನೆಗೆ ಸೇರಿಕೊಂಡರು, ಆ 20 ದಿನಗಳಿಗೆ ಅವರು ಏನನ್ನೂ ತೆಗೆದುಕೊಳ್ಳಲಿಲ್ಲ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಬರೆಯುತ್ತೇನೆಂದು ಅವರಿಗೆ ತಿಳಿಸಿಯೇ ಬರೆಯುತ್ತಿದ್ದೇನೆ.

ತೋಟ ಇರುವುದು ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆಯ ಕಡೆಗೆ ಹೋಗುವ ದಾರಿಯಲ್ಲಿ. ಕೊಡಗಿಗೆ ರೈಲು ಇಲ್ಲ. ಮೈಸೂರಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನಾಪೋಕ್ಲಿಗೆ ಇನ್ನೊಂದು ಬಸ್ಸು ಹಿಡಿಯಬೇಕು. ಮುಖ್ಯರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರಿನ ಮಣ್ಣುದಾರಿ ಇದೆ, ಅದರಲ್ಲಿ ಎರಡು ಕಡೆ ಕಡಿದಾದ ಏರು. ಬೇಸಿಗೆಯಲ್ಲಿ ಸಣ್ಣ ಕಾರು ಹತ್ತುತ್ತದೆ, ಆದರೆ ಒಂದು ಒಳ್ಳೆಯ ಮಳೆ ಬಿದ್ದರೆ ಜೀಪೇ ಬೇಕು. 12 ಎಕರೆ ತೋಟದಲ್ಲಿ ಮೇಲಿನ ಭಾಗ ಅರೇಬಿಕಾ ಕಾಫಿ, ಕೆಳಗಿನ ತಗ್ಗು ರೊಬಸ್ಟಾ ಕಾಫಿ; ನೆರಳಿಗೆ ಹಾಲುವಾಣ, ಹಲಸು, ಅತ್ತಿ, ಅಲ್ಲಲ್ಲಿ ಸಿಲ್ವರ್ ಓಕ್; ಹೆಚ್ಚಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಹಳೆಯ ಹೆಂಚಿನ ಮನೆಯ ಒಂದು ಬದಿಯಲ್ಲಿ ಮೂರು ಕೋಣೆಗಳನ್ನು ಅತಿಥಿಗಳಿಗೆಂದು ಬಿಟ್ಟಿದ್ದಾರೆ. ಮನೆಯವರೂ ಅತಿಥಿಗಳೂ ಉಣ್ಣುವುದು ಒಂದೇ ಮೇಜಿನಲ್ಲಿ.

ಹಿಂದಿನ ವರ್ಷ ನಾವು ಮಕ್ಕಳನ್ನು ಬೇರೊಂದು ಕಡೆಗೆ, ‘ತೋಟದ ಬದುಕಿನ ಅನುಭವ’ ಎಂದು ಹೇಳಿಕೊಳ್ಳುವ ಒಂದು ದೊಡ್ಡ ರೆಸಾರ್ಟಿಗೆ ಕರೆದೊಯ್ದಿದ್ದೆವು. ಅಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮಕ್ಕಳ ಕೈಗೆ ಹೊಸ ಬುಟ್ಟಿ ಕೊಟ್ಟು, ಗಿಡದ ಪಕ್ಕ ನಿಲ್ಲಿಸಿ, ಫೋಟೋ ತೆಗೆದು, ಬುಟ್ಟಿಯನ್ನು ವಾಪಸು ಪಡೆಯುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಗಿಡದಲ್ಲಿ ಹಣ್ಣೇ ಇರುವುದಿಲ್ಲ. ಅರೇಬಿಕಾ ಕೊಯ್ಲು ಜನವರಿಗೆ, ರೊಬಸ್ಟಾ ಹೆಚ್ಚೆಂದರೆ ಮಾರ್ಚ್ ಹೊತ್ತಿಗೆ ಮುಗಿದಿರುತ್ತದೆ. ಹಾಗಾದರೆ ಆ ಬುಟ್ಟಿಗೆ ಏನು ಹಾಕಬೇಕು ಎಂದು ನನ್ನ ಮಗಳು ಕೇಳಿದಾಗ ಅಲ್ಲಿದ್ದವರ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು. ಮಕ್ಕಳನ್ನು ತೋಟಕ್ಕೆ ಕಳುಹಿಸುವುದಾದರೆ, ಆ ತಿಂಗಳಲ್ಲಿ ಆ ತೋಟಕ್ಕೆ ನಿಜವಾಗಿ ಬೇಕಾದ ಕೆಲಸದಲ್ಲಿ ಅವರಿಗೆ ಒಂದು ಪಾಲು ಸಿಗಬೇಕು. ಅದು ಸಿಗದಿದ್ದರೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಅತ್ತಿಗೆಯ ಮನೆಯನ್ನು ನಾನು ಅಳೆದದ್ದು ಈ ಒಂದು ಅಳತೆಯಿಂದ.

ನಾವು ಏಪ್ರಿಲ್ ಎರಡನೇ ವಾರದ ಕೊನೆಯಲ್ಲಿ ಹೋದೆವು. ಅದಕ್ಕೆ ಒಂಬತ್ತು ದಿನ ಮುಂಚೆ ಅಲ್ಲಿ ಹೂಮಳೆ ಬಿದ್ದಿತ್ತು. ಕಾಫಿಯ ಮೊಗ್ಗು ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಒಟ್ಟಿಗೆ ಅರಳುತ್ತದೆಯಾದ್ದರಿಂದ, ನಾವು ಜೀಪಿನಿಂದ ಇಳಿದಾಗ ಮೇಲಿನ ಅರೇಬಿಕಾ ಇಡಿಯಾಗಿ ಬೆಳ್ಳಗಾಗಿತ್ತು, ಮಲ್ಲಿಗೆಯಂಥ ವಾಸನೆ ಮನೆಯೊಳಗಿನ ಹಾಸಿಗೆಯವರೆಗೂ ಬರುತ್ತಿತ್ತು. ಮೂರನೆಯ ದಿನಕ್ಕೆ ಹೂ ಕಂದಿತು. ಇದನ್ನು ಯಾರೂ ಮುಂಗಡವಾಗಿ ಕಾದಿರಿಸಲಾಗದು, ಹಾಗಾಗಿ ಇದನ್ನು ಹೋಂಸ್ಟೇಯ ಹೆಚ್ಚುಗಾರಿಕೆಯೆಂದು ಎಣಿಸುತ್ತಿಲ್ಲ. ಆದರೆ ಭಾವ ಮಕ್ಕಳನ್ನು ಮಾರನೆಯ ಬೆಳಿಗ್ಗೆಯೇ ತಮ್ಮ ಆರು ಜೇನುಪೆಟ್ಟಿಗೆಗಳ ಬಳಿಗೆ ಕರೆದೊಯ್ದು, ಹೂವಿನ ದಿನಗಳಲ್ಲಿ ತೋಟಕ್ಕೆ ಯಾಕೆ ಔಷಧ ಹೊಡೆಯಬಾರದು ಎಂಬುದನ್ನು ಪೆಟ್ಟಿಗೆಯ ಬಾಯಲ್ಲಿ ಕುಳಿತು ತೋರಿಸಿದರು. ಕಕ್ಕಬ್ಬೆ ಒಂದು ಕಾಲಕ್ಕೆ ಜೇನಿಗೆ ಹೆಸರಾದ ಊರು. 1990ರ ದಶಕದ ಆರಂಭದಲ್ಲಿ ಥೈ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಕುಟುಂಬಗಳು ಸಾಲುಸಾಲಾಗಿ ಸತ್ತವು. ಭಾವ ಆಗ ಹುಡುಗ. ತಮ್ಮ ತಂದೆ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ ದಿನವನ್ನು ಅವರು ಮಕ್ಕಳಿಗೆ ಹೇಳಿದ ರೀತಿಯಲ್ಲಿ ಪಾಠದ ಧಾಟಿ ಇರಲಿಲ್ಲ, ಮನೆಯ ಸಂಗತಿಯನ್ನು ಮನೆಯವರಿಗೆ ಹೇಳಿದಂತಿತ್ತು.

ಮಕ್ಕಳಿಗೆ ಮೊದಲು ಸಿಕ್ಕ ಕೆಲಸ ನರ್ಸರಿಯದು. ಮನೆಯ ಹಿಂದೆ ಚಪ್ಪರದ ಕೆಳಗೆ ಪಾಲಿಥಿನ್ ಚೀಲಗಳಲ್ಲಿ ಅರೇಬಿಕಾ ಸಸಿಗಳಿದ್ದವು. ಬೀಜ ಮೊಳೆತು ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಹೊತ್ತು ನಿಲ್ಲುವ ಹಂತಕ್ಕೆ ತೋಟದವರು ಟೋಪಿ ಎನ್ನುತ್ತಾರೆ, ಅದು ಕಳಚಿ ಎರಡು ದುಂಡನೆಯ ಎಲೆ ಬಿಚ್ಚಿಕೊಂಡರೆ ಚಿಟ್ಟೆ. ಇವು ಚಿಟ್ಟೆಯ ಹಂತವನ್ನು ದಾಟಿ ಎರಡನೆಯ ಜೊತೆ ಎಲೆ ಬಿಡುತ್ತಿದ್ದವು. ಅತ್ತಿಗೆ 60 ಚೀಲಗಳನ್ನು ಬೇರೆ ಮಾಡಿ, 11 ವರ್ಷದ ಮಗಳಿಗೆ 30, ಏಳು ವರ್ಷದ ಮಗನಿಗೆ 30 ಎಂದು ಹಂಚಿ, ರಜೆ ಮುಗಿಯುವವರೆಗೂ ಇವು ನಿಮ್ಮವು, ಬದುಕಿದರೂ ಸತ್ತರೂ ನೀವೇ ನನಗೆ ಬಂದು ಹೇಳಬೇಕು ಎಂದಳು. ಮಗ ತನ್ನ ಸಸಿಗಳ ಮೇಲಿನ ಪ್ರೀತಿಗೆ ದಿನಕ್ಕೆ ಮೂರು ಸಲ ನೀರು ಹೊಯ್ದ. ಎರಡನೆಯ ವಾರದ ಹೊತ್ತಿಗೆ ಅವನ ಸಾಲಿನಲ್ಲಿ ಆರು ಸಸಿ ಬಾಡಿ ಬಾಗಿದವು. ಬಾಡಿದೆಯೆಂದು ಅವನು ಇನ್ನಷ್ಟು ನೀರು ಹಾಕಿದ್ದ.

ನಾವು ಆಗ ಮೈಸೂರಿಗೆ ಬಂದಾಗಿತ್ತು. ಇದನ್ನು ಫೋನಿನಲ್ಲಿ ಕೇಳಿ, ಆಮೇಲೆ ಕರೆತರಲು ಹೋದಾಗ ಮಗಳ ಬಾಯಲ್ಲಿ ಮತ್ತೆ ವಿವರವಾಗಿ ಕೇಳಿದೆ. ಅತ್ತಿಗೆ ಸತ್ತ ಸಸಿಗಳನ್ನು ರಾತ್ರೋರಾತ್ರಿ ಬದಲಾಯಿಸಿ ಹುಡುಗನನ್ನು ಸಮಾಧಾನಪಡಿಸಬಹುದಿತ್ತು, ಚಪ್ಪರದಲ್ಲಿ ಬೇಕಾದಷ್ಟು ಸಸಿಗಳಿದ್ದವು. ಅವಳು ಹಾಗೆ ಮಾಡಲಿಲ್ಲ. ಅವನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಸಸಿಯನ್ನು ಮೆಲ್ಲಗೆ ಕಿತ್ತು, ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಪ್ಪಾಗಿ ಸೊರಗಿದ್ದನ್ನು ಅವನ ಉಗುರಿನಿಂದಲೇ ಮುಟ್ಟಿಸಿದಳು. ಬುಡ ಕೊಳೆಯುವ ರೋಗ ತೇವ ಹೆಚ್ಚಾದ ಕಡೆ ಬರುತ್ತದೆ, ಒಂದಕ್ಕೆ ಬಂದರೆ ಪಕ್ಕದ್ದಕ್ಕೂ ಹಬ್ಬುತ್ತದೆ, ಅದಕ್ಕೆ ಆರನ್ನೂ ಚೀಲದ ಮಣ್ಣಿನ ಸಮೇತ ದೂರ ಹಾಕಬೇಕು ಎಂದಳು. ಅವನು ಅಳುತ್ತಲೇ ಹೊತ್ತುಹಾಕಿದನಂತೆ. ಮನೆಯಲ್ಲಿ ಒಂದು ಪೆನ್ಸಿಲ್ಲಿಗೂ ತಮ್ಮನ ಜೊತೆ ಜಗಳವಾಡುವ ನನ್ನ ಮಗಳು ಮಾರನೆಯ ದಿನದಿಂದ ಬೆಳಿಗ್ಗೆ ಅವನನ್ನು ಎಬ್ಬಿಸಿಕೊಂಡು ಹೋಗಿ, ನಾಲ್ಕು ಚೀಲಕ್ಕೆ ಒಂದು ತಂಬಿಗೆ ಎಂದು ಲೆಕ್ಕ ಹಾಕಿ ಇಬ್ಬರ ಸಾಲಿಗೂ ನೀರು ಹಾಕಿಸತೊಡಗಿದಳು. ಉಳಿದ 54 ಸಸಿಗಳನ್ನು ಆಮೇಲೆ ಅವರು ‘ನಿನ್ನವು, ನನ್ನವು’ ಎಂದು ಬೇರೆ ಮಾಡಿ ಎಣಿಸಲಿಲ್ಲ. ಮಕ್ಕಳ ತಪ್ಪನ್ನು ಮುಚ್ಚಿಡದೆ, ಅದಕ್ಕಾಗಿ ಅವರನ್ನು ಗದರದೆ, ಪಕ್ಕದಲ್ಲಿ ಕುಳಿತು ತೋರಿಸುವ ಒಬ್ಬ ದೊಡ್ಡವರು ಒಂದು ಹೋಂಸ್ಟೇಯಲ್ಲಿ ಇದ್ದರೆ, ಅಲ್ಲಿನ ಸ್ನಾನದ ಮನೆಯ ಹೆಂಚು ಯಾವುದೆಂದು ನಾನು ಕೇಳುವುದಿಲ್ಲ.

ಎರಡನೆಯ ಕೆಲಸ ಕಾಂಡಕೊರಕ ಹುಡುಕುವುದು. ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದಷ್ಟು ನಷ್ಟ ತರುವ ಕೀಟ ಇನ್ನೊಂದಿಲ್ಲ. ದುಂಬಿಯು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೆ ಕೊರೆಯುತ್ತಾ ಹೋಗುತ್ತದೆ, ಹೊರಗೆ ಕಾಂಡದ ಮೇಲೆ ಉಬ್ಬಿದ ಗೆರೆಗಳು ಕಾಣುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಸಲ ದುಂಬಿಗಳು ಹೊರಬರುತ್ತವೆ. ಅಷ್ಟರೊಳಗೆ ರೋಗಿಷ್ಠ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು. ಮಾರ್ಚಿನಲ್ಲೇ ಮುಗಿಯಬೇಕಾಗಿದ್ದ ಈ ಕೆಲಸ ಆಳುಗಳು ಸಿಗದೆ ಒಂದು ಮೂಲೆಯಲ್ಲಿ ಹಾಗೆಯೇ ಉಳಿದಿತ್ತು. ಭಾವ ಮಕ್ಕಳನ್ನು ಸಾಲಿಗೊಬ್ಬರಂತೆ ಬಿಟ್ಟರು. ಎಲೆ ಹಳದಿಯಾಗಿ ಜೋತ ಗಿಡ ಕಂಡರೆ ನಿಲ್ಲುವುದು, ಬುಡದಿಂದ ಮೇಲಕ್ಕೆ ಅಂಗೈಯನ್ನು ಸವರಿಕೊಂಡು ಹೋಗುವುದು, ಗೆರೆ ಕೈಗೆ ತಾಗಿದರೆ ಕೆಂಪು ಬಟ್ಟೆಯ ತುಂಡು ಕಟ್ಟುವುದು. ಮಗಳ ಅಂಗೈಗೆ ಅದು ಎಷ್ಟು ಚೆನ್ನಾಗಿ ಹತ್ತಿತೆಂದರೆ, ನಾನು ಹೋದಾಗ ಕಣ್ಣು ಮುಚ್ಚಿಕೊಂಡು ಒಂದು ಗಿಡವನ್ನು ಸವರಿ, ಅಮ್ಮ, ಇಲ್ಲಿ ದಾರಿ ಮಾಡಿಕೊಂಡು ಹೋಗಿದೆ ನೋಡು ಎಂದು ನನ್ನ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟಳು. ಚರ್ಮದ ಕೆಳಗಿನ ನರದಂತೆ ಇತ್ತು. ಗಿಡ ಕೀಳುವುದೂ ಸುಡುವುದೂ ದೊಡ್ಡವರ ಕೆಲಸ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುವುದು, ಮೊಟ್ಟೆಯಿಡಲು ದುಂಬಿಗೆ ಬಿರುಕು ಸಿಗದಂತೆ ಮಾಡುವುದು ಮತ್ತೆ ಮಕ್ಕಳದ್ದು. ಕಾಂಡಗಳಿಗೆ ಸುಣ್ಣ ಬಳಿಯುವ ದಿನ ಮಾತ್ರ ಇಬ್ಬರನ್ನೂ ಮನೆಯಲ್ಲೇ ಇರಿಸಿದರು, ಅದು ನನಗೆ ಸಮಾಧಾನ ತಂದಿತು.

ಇದೇ ಸಾಲುಗಳಲ್ಲಿ ಮಗನಿಗೆ ಚಿಗಳಿ ಕಚ್ಚಿತು. ಕಾಫಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯನ್ನು ಕಾಣದೆ ಕೊಂಬೆ ಅಲುಗಿಸಿದರೆ ಕತ್ತಿನೊಳಗೆ ಹತ್ತಾರು ಇಳಿಯುತ್ತವೆ. ತೋಟಕ್ಕೆ ಮಕ್ಕಳನ್ನು ಕಳುಹಿಸುವವರು ತುಂಬುತೋಳಿನ ಹತ್ತಿಯ ಅಂಗಿ, ಕತ್ತಿಗೆ ಕಟ್ಟಲು ಒಂದು ಟವೆಲ್ಲು, ಮಳೆಯಾದ ಮೇಲೆ ಜಿಗಣೆ ಏರುವುದರಿಂದ ಉದ್ದನೆಯ ಕಾಲುಚೀಲ ಇವನ್ನು ಮರೆಯದೆ ಕಳುಹಿಸಬೇಕು. ಹೋಂಸ್ಟೇಯವರು ಇದನ್ನು ನಮಗೆ ಮುಂಚಿತವಾಗಿ ತಿಳಿಸಲಿಲ್ಲ. ಎಲ್ಲ ಅತಿಥಿಗಳಿಗೂ ಕಾದಿರಿಸುವಾಗಲೇ ತಿಳಿಸುವುದು ಒಳ್ಳೆಯದು.

ಮೆಣಸಿನ ಕೊಯ್ಲಿನ ಕೊನೆಯ ದಿನಗಳು ಕೂಡ ಅವರಿಗೆ ಸಿಕ್ಕವು. ಕರಿಮೆಣಸು ಕಣದಲ್ಲಿ ಒಣಗುವುದನ್ನು ತೋಟಕ್ಕೆ ಬಂದ ಮಕ್ಕಳೆಲ್ಲ ನೋಡಿರುತ್ತಾರೆ. ನೂರು ಕಿಲೋ ಹಸಿಮೆಣಸು ಒಣಗಿ ಸುಮಾರು 33 ಕಿಲೋಗೆ ಇಳಿಯುತ್ತದೆ ಎಂಬುದನ್ನು ತಕ್ಕಡಿಯಲ್ಲಿ ತೂಗಿ ನೋಡಿದವರು ಕಡಿಮೆ. ಅತ್ತಿಗೆ ಕೆಂಪಾಗಿ ಹಣ್ಣಾದ ಮೆಣಸನ್ನು ಬೇರೆ ಆರಿಸಿ, ಗೋಣಿಯಲ್ಲಿ ಕಟ್ಟಿ, ತೋಡಿನ ಹರಿಯುವ ನೀರಿನಲ್ಲಿ ಎಂಟು ದಿನ ಮುಳುಗಿಸಿಟ್ಟಿದ್ದಳು. ಸಿಪ್ಪೆ ಕೊಳೆತು ಬಿಡುವ ಆ ಗೋಣಿಯ ವಾಸನೆಯನ್ನು ಮಗ ಈಗಲೂ ಅಭಿನಯಿಸಿ ತೋರಿಸುತ್ತಾನೆ. ತುಳಿದು, ತಿಕ್ಕಿ, ಐದಾರು ನೀರಿನಲ್ಲಿ ತೊಳೆದಾಗ ಉಳಿಯುವ ಬಿಳಿ ಮೆಣಸನ್ನು ಅಕ್ಕ ತಮ್ಮ ಇಬ್ಬರೂ ತಮ್ಮ ಕೈಯಾರೆ ಒಣಗಿಸಿ ಅರ್ಧ ಕಿಲೋ ಮನೆಗೆ ತಂದಿದ್ದಾರೆ.

ನೆಂಟರ ಮಕ್ಕಳಾದ್ದರಿಂದ ಇಷ್ಟೆಲ್ಲ ಸಿಕ್ಕಿತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆ 24 ದಿನಗಳಲ್ಲಿ ಮಕ್ಕಳಿದ್ದ ಮೂರು ಕುಟುಂಬಗಳು ಅಲ್ಲಿಗೆ ಬಂದುಹೋದವು. ದಾವಣಗೆರೆಯಿಂದ ಬಂದ ಒಬ್ಬ ತಾಯಿ ತಮ್ಮ ಇಬ್ಬರು ಮಕ್ಕಳೊಂದಿಗೆ ಹತ್ತು ದಿನ ಇದ್ದರು. ಅವರ ಮಕ್ಕಳಿಗೂ ಚೀಲಗಳನ್ನು ಹಂಚಿಕೊಡಲಾಗಿತ್ತು, ಅವರೂ ಮೆಣಸು ತುಳಿದರು. ಎರಡೇ ದಿನಕ್ಕೆ ಬಂದ ಇನ್ನೆರಡು ಕುಟುಂಬಗಳ ಮಕ್ಕಳಿಗೆ ತೋಟ ಸುತ್ತಿಸಿದ್ದಾರೆ, ಕೆಲಸ ಕೊಟ್ಟಿಲ್ಲ. ಎರಡು ದಿನದಲ್ಲಿ ಕೊಡಲು ಆಗುವುದೂ ಇಲ್ಲ. ಹೊರಗಿನವರ ಮಕ್ಕಳನ್ನು ಹೆತ್ತವರಲ್ಲಿ ಒಬ್ಬರಾದರೂ ಜೊತೆಗಿಲ್ಲದೆ ಅವರು ಇರಿಸಿಕೊಳ್ಳುವುದಿಲ್ಲ. ಈ ನಿಯಮವನ್ನು ಯಾರಿಗಾಗಿಯೂ ಸಡಿಲಿಸಬಾರದು ಎಂಬುದು ನನ್ನ ಅಭಿಪ್ರಾಯ.

ಊಟದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಕೊಡಗಿನ ಮನೆಯೂಟ ಗೊತ್ತಿದ್ದವರಿಗೆ ಗೊತ್ತು. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಅಕ್ಕಿಶಾವಿಗೆಯಂಥ ನೂಲ್ಪುಟ್ಟು, ಕೆಲವು ದಿನ ಅಕ್ಕಿತರಿಗೆ ತೆಂಗಿನಕಾಯಿ ಹಾಲು ಸೇರಿಸಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು. ಮಾಂಸ ತಿನ್ನುವವರಿಗೆ ಕಾಚಂಪುಳಿ ಎಂಬ ಹುಳಿರಸ ಹಾಕಿದ ಹಂದಿಕರಿಯ ಜೊತೆ ಕಡುಬು. ಮಕ್ಕಳು ಸೋತದ್ದು ಕಾಡುಮಾವಿನ ಗೊಜ್ಜಿಗೆ. ಪುಟ್ಟ ಮಾವಿನಹಣ್ಣನ್ನು ಇಡಿಯಾಗಿ ಬೆಲ್ಲ, ಖಾರದಲ್ಲಿ ಬೇಯಿಸಿದ್ದನ್ನು ಅನ್ನಕ್ಕೆ ಹಿಂಡಿಕೊಂಡು, ಓಟೆಯನ್ನು ಚೀಪುತ್ತಾ ಮಗ ಒಂದು ಹೊತ್ತಿಗೆ ಒಂಬತ್ತು ಓಟೆ ತಟ್ಟೆಯ ಅಂಚಿನಲ್ಲಿ ಜೋಡಿಸಿದ್ದನ್ನು ನಾನೇ ನೋಡಿದ್ದೇನೆ. ಮೊದಲ ಮೂರು ದಿನ ಸಾರಿನ ಖಾರ ಅವನಿಗೆ ಹೆಚ್ಚಾಯಿತು. ಹೇಳಿದ ಮೇಲೆ ಮಕ್ಕಳಿಗೆ ಬೇರೆ ಪಾತ್ರೆಯಲ್ಲಿ ತೆಗೆದಿಡತೊಡಗಿದರು.

ಕೊರತೆಗಳಲ್ಲಿ ಮುಖ್ಯವಾದದ್ದು ಕೆರೆ. ಮನೆಯಿಂದ ನೂರು ಹೆಜ್ಜೆಯಲ್ಲಿ, ತೋಟಕ್ಕೆ ನೀರು ಹಾಯಿಸಲು ತೋಡಿದ ಕೆರೆಗೆ ಯಾವ ಬೇಲಿಯೂ ಇರಲಿಲ್ಲ. ಏಳು ವರ್ಷದ ಹುಡುಗ ಓಡಾಡುವ ಜಾಗದಲ್ಲಿ, ಎರಡಾಳು ಆಳದ, ಜಾರುವ ದಂಡೆಯ ನೀರು ತೆರೆದೇ ಇರುವುದು ಒಪ್ಪತಕ್ಕ ಮಾತಲ್ಲ. ನಾನು ಇದನ್ನು ಮೊದಲ ದಿನವೇ ಹೇಳಿದೆ. ನಾವೆಲ್ಲ ಇಲ್ಲೇ ಬೆಳೆದವರು ಎಂದು ಭಾವ ಸ್ವಲ್ಪ ಬೇಸರ ಮಾಡಿಕೊಂಡರು, ಎರಡು ದಿನ ಮಾತಿನಲ್ಲಿ ಬಿಗುವೂ ಇತ್ತು. ಮೂರನೆಯ ದಿನ ಬಿದಿರು ಕಡಿಸಿ ಮನೆಯ ಕಡೆಯ ಎರಡು ಬದಿಗೆ ಬೇಲಿ ಹಾಕಿಸಿದರು, ಆಮೇಲೆ ನಾನು ಮಕ್ಕಳನ್ನು ಬಿಟ್ಟುಬಂದೆ. ಉಳಿದ ಎರಡು ಬದಿ ಈಗಲೂ ತೆರೆದಿದೆ. ಆನೆ ಬರುವ ಪ್ರದೇಶವಾದ್ದರಿಂದ ಸಂಜೆ ಆರರ ನಂತರ ಅಂಗಳ ದಾಟಬಾರದೆಂಬ ಕಟ್ಟುನಿಟ್ಟು ಮಾಡುವ ಮನೆಯವರು ಕೆರೆಯ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟಾಗಬೇಕು. ಚಿಕ್ಕಪುಟ್ಟ ಗಾಯಕ್ಕೆ ನಾಪೋಕ್ಲಿಗೆ ಹೋಗಬಹುದು, ದೊಡ್ಡ ಆಸ್ಪತ್ರೆಯೆಂದರೆ ಮಡಿಕೇರಿಗೇ ಬರಬೇಕು ಎಂಬುದನ್ನೂ ಹೆತ್ತವರು ನೆನಪಿನಲ್ಲಿಡಬೇಕು.

ಉಳಿದವು ಸಣ್ಣವು. ಮೂರು ಕೋಣೆಗಳಲ್ಲಿ ಹಿಂದಿನ ಕೋಣೆಗೆ ಬಿಸಿಲು ಬೀಳುವುದಿಲ್ಲ, ಹಾಸಿಗೆಗೆ ಮುಗ್ಗಲು ವಾಸನೆ ಇತ್ತು. ಕಾದಿರಿಸುವಾಗ ಮುಂದಿನ ಎರಡು ಕೋಣೆಗಳಲ್ಲಿ ಒಂದನ್ನು ಕೇಳಿ. ಬಿಸಿನೀರು ಹಂಡೆಯ ಒಲೆಯದು, ಬೆಳಿಗ್ಗೆ ಒಂಬತ್ತರವರೆಗೆ ಮಾತ್ರ. ಗುಡುಗು ಮಳೆ ಬಂದರೆ ಕರೆಂಟು ಹೋಗುತ್ತದೆ, ಒಮ್ಮೆ ಎರಡು ರಾತ್ರಿ ಬರಲೇ ಇಲ್ಲ. ಮೊಬೈಲ್ ಸಿಗ್ನಲ್ಲು ಕಣದ ಒಂದು ಮೂಲೆಯಲ್ಲಿ ಸಿಗುತ್ತದೆ. ದಿನಾ ಸಂಜೆ ಐದೂವರೆಗೆ ಮಕ್ಕಳು ಅಲ್ಲಿ ನಿಂತು ನಮಗೆ ಫೋನ್ ಮಾಡುತ್ತಿದ್ದರು. ಒಂದು ಶನಿವಾರ ಬಂದ ಯುವಕರ ಗುಂಪು ರಾತ್ರಿ ಹನ್ನೊಂದರವರೆಗೆ ಜೋರಾಗಿ ಹಾಡು ಹಾಕಿದ್ದರಿಂದ ಮಕ್ಕಳಿಗೆ ನಿದ್ದೆಯಾಗಲಿಲ್ಲ. ಮಕ್ಕಳಿರುವ ಏಪ್ರಿಲ್, ಮೇ ತಿಂಗಳಲ್ಲಿ ಅಂಥ ಗುಂಪುಗಳಿಗೆ ಕೋಣೆ ಕೊಡದಿರುವುದೇ ಮೇಲು ಎಂದು ಅತ್ತಿಗೆಗೆ ಹೇಳಿದ್ದೇನೆ. ಅವಳೂ ಒಪ್ಪಿದ್ದಾಳೆ.

ಸುತ್ತಾಟಕ್ಕೆ ಹತ್ತಿರದಲ್ಲೇ ನಾಲ್ಕುನಾಡು ಅರಮನೆ, ಪಾಡಿಯ ಇಗ್ಗುತ್ತಪ್ಪ ದೇವಸ್ಥಾನ, ಚೇಲಾವರ ಜಲಪಾತ ಇವೆ. 1,748 ಮೀಟರ್ ಎತ್ತರದ ತಡಿಯಂಡಮೋಳು ಬೆಟ್ಟವನ್ನು ಈ ವಯಸ್ಸಿನ ಮಕ್ಕಳಿಗೆ ಬೇಸಿಗೆಯ ಬಿಸಿಲಿನಲ್ಲಿ ನಾನು ಹೇಳುವುದಿಲ್ಲ. ನನ್ನ ಮಕ್ಕಳ ಮನಸ್ಸಿನಲ್ಲಿ ಉಳಿದದ್ದು ಇವುಗಳಲ್ಲಿ ಯಾವುದೂ ಅಲ್ಲ, ಒಂದು ಮಧ್ಯಾಹ್ನ ಭಾವ ಕರೆದೊಯ್ದ ಕೊಡವ ಕುಟುಂಬಗಳ ಹಾಕಿ ಪಂದ್ಯ. 1997ರಲ್ಲಿ ಕರಡದಲ್ಲಿ ಆರಂಭವಾದ ಈ ಹಬ್ಬವನ್ನು ಪ್ರತಿ ಬೇಸಿಗೆಯಲ್ಲಿ ಒಂದೊಂದು ಮನೆತನ ವಹಿಸಿಕೊಂಡು ನಡೆಸುತ್ತದೆ, ನೂರಾರು ಮನೆತನಗಳು ತಂತಮ್ಮ ತಂಡ ಇಳಿಸುತ್ತವೆ. ಒಂದೇ ತಂಡದಲ್ಲಿ ನರೆಗೂದಲಿನ ಅಜ್ಜನೂ ಶಾಲೆಯ ಹುಡುಗಿಯೂ ಓಡುವುದನ್ನು ಕಂಡ ಮೇಲೆ ಅಕ್ಕ ತಮ್ಮ ಇಬ್ಬರೂ ಮರಗಸಿ ಮಾಡಿದ, ಎಂದರೆ ನೆರಳಿನ ಮರಗಳಿಂದ ಕಡಿದುಹಾಕಿದ ಕೊಂಬೆಗಳಿಂದ ಕೋಲು ಮಾಡಿಕೊಂಡು, ಖಾಲಿಯಾದ ಕಣದಲ್ಲಿ ದಿನಾ ಸಂಜೆ ಆಡಿದರು.

ದರ ದೊಡ್ಡವರಿಗೆ ದಿನಕ್ಕೆ ಊಟತಿಂಡಿ ಸೇರಿ 2,400 ರೂಪಾಯಿ, 12 ವರ್ಷದೊಳಗಿನವರಿಗೆ ಅರ್ಧ. ಒಂದು ವಾರಕ್ಕಿಂತ ಹೆಚ್ಚು ಇರುವವರಿಗೆ ರಿಯಾಯಿತಿ ಕೊಡುತ್ತಾರೆ, ಎಷ್ಟೆಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಮಡಿಕೇರಿಯ ಸುತ್ತಲಿನ ಇತರ ಕಡೆಗಳಿಗೆ ಹೋಲಿಸಿದರೆ ಇದು ಅಗ್ಗವಲ್ಲ. ಐದು ವರ್ಷದೊಳಗಿನ ಮಕ್ಕಳಿರುವವರಿಗೆ, ಕೆರೆಗೆ ಪೂರ್ತಿ ಬೇಲಿಯಾಗುವವರೆಗೆ, ನಾನು ಇದನ್ನು ಸೂಚಿಸುವುದಿಲ್ಲ. ವಾರಾಂತ್ಯಕ್ಕೆಂದು ಹೋಗುವವರಿಗೂ ಸೂಚಿಸುವುದಿಲ್ಲ, ಆ ಹಣಕ್ಕೆ ಇನ್ನೂ ಅನುಕೂಲದ ಕೋಣೆಗಳು ಕೊಡಗಿನಲ್ಲಿ ಎಷ್ಟೋ ಇವೆ. ಶಾಲೆಯ ರಜೆ ಆರಂಭವಾದ ಮೊದಲ ವಾರದಲ್ಲೇ ಹೋಗಿ, ಕನಿಷ್ಠ ಹತ್ತು ದಿನ ಇರಲು ಸಾಧ್ಯವಿರುವವರು, ಏಳರಿಂದ ಹದಿಮೂರು ವರ್ಷದ ಅಕ್ಕ ತಮ್ಮಂದಿರೋ ಅಣ್ಣ ತಂಗಿಯರೋ ಇರುವವರು ಹೋಗಲೇಬೇಕು. ಇಬ್ಬರು ಮಕ್ಕಳಿಗೆ ಒಂದೇ ಕೆಲಸವನ್ನು ಹಂಚಿಕೊಡುವ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಫೆಬ್ರವರಿಯೊಳಗೆ ಕಾದಿರಿಸದಿದ್ದರೆ ಮೂರೇ ಕೋಣೆಗಳಾದ್ದರಿಂದ ಜಾಗ ಸಿಗುವುದು ಕಷ್ಟ.

ಜೂನ್ ಮಳೆ ಹಿಡಿದ ಮೇಲೆ ಅತ್ತಿಗೆ ಫೋನ್ ಮಾಡಿ, ಮಕ್ಕಳ 54 ಸಸಿಗಳನ್ನೂ ಮೇಲಿನ ತೋಟದಲ್ಲಿ, ಕೆಂಪು ಬಟ್ಟೆ ಕಟ್ಟಿಸಿಕೊಂಡು ಕಿತ್ತುಹೋದ ಗಿಡಗಳ ಜಾಗದಲ್ಲೇ ನೆಟ್ಟಾಯಿತೆಂದು ತಿಳಿಸಿದಳು. ಎಷ್ಟು ದಿನಕ್ಕೆ ಹಣ್ಣು ಬಿಡುತ್ತದೆ ಎಂದು ಮಗ ಕೇಳಿದ. ಮೂರು ನಾಲ್ಕು ವರ್ಷ ಬೇಕೆಂದು ಅತ್ತೆ ಹೇಳಿದಾಗ, ಆಗ ನಾನು ಎಷ್ಟನೇ ಕ್ಲಾಸು ಎಂದು ಅವನು ಅಕ್ಕನನ್ನು ಕೇಳಿದ. ಅವಳು ಬೆರಳು ಮಡಿಸಿ ಎಣಿಸಿ, ನೀನು ಆರನೆಯದು, ನಾನು ಹತ್ತು, ನನಗೆ ಪರೀಕ್ಷೆ ಇರುತ್ತದೆ, ಡಿಸೆಂಬರಿನಲ್ಲೇ ಹೋಗಿ ಕೊಯ್ದುಬಿಡೋಣ ಎಂದಳು.